ಭಾನುವಾರದಾಚೆಯ ದೇವಶಾಸ್ತ್ರ

ಕರ್ನಾಟಕದ ಕ್ರೈಸ್ತ ದೇವಶಾಸ್ತ್ರದ ಚರಿತ್ರೆಯನ್ನು ಸೆಮಿನರಿಗಳ ಚರಿತ್ರೆಯಾಗಿ ಬರೆಯುವುದೇ ರೂಢಿ. ಸಾಮಾನ್ಯ ವಿಶ್ವಾಸಿ ಆತ್ಮಿಕವಾಗಿ ಬೆಳೆದದ್ದು ಎಲ್ಲಿ ಎಂದು ಕೇಳಿಕೊಂಡರೆ ಚಿತ್ರವೇ ಬೇರೆ. ಜನರ ಮಾತಿಗೂ ದುಡಿಮೆಗೂ ಹತ್ತಿರವಾದಾಗ ದೇವಶಾಸ್ತ್ರ ಸಭೆಯನ್ನು ಬೆಳೆಸಿದೆ. ದೂರ ಸರಿದಾಗ ಗ್ರಂಥಾಲಯ ಸೇರಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತವರ ಸಂಗಡಿಗರ ಶ್ರಮದಿಂದ 1831ರ ವೇಳೆಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರದು ಪ್ರೊಟೆಸ್ಟೆಂಟ್ ಭಕ್ತಿಪಂಥದ (ಪಯಟಿಸಂ) ಹಿನ್ನೆಲೆ. ಧರ್ಮತತ್ತ್ವವನ್ನು ಒಪ್ಪಿದರಷ್ಟೇ ಸಾಲದು, ಮನೆಪ್ರಾರ್ಥನೆಯಲ್ಲೂ ನಡತೆಯಲ್ಲೂ ಅದು ಕಾಣಬೇಕು ಎನ್ನುವುದು ಅವರ ನಿಲುವು. ಮತಾಂತರದಿಂದ ಜಾತಿಯ ಜೊತೆಗೆ ಕಸುಬನ್ನೂ ಕಳೆದುಕೊಂಡವರಿಗಾಗಿ ನೇಯ್ಗೆಯ ಮಗ್ಗಗಳು ಬಂದವು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಅದಕ್ಕೂ ಮೂರು ವರ್ಷ ಮೊದಲೇ ಅದೇ ಮಿಷನ್ನಿನ ಕಿಟೆಲ್ ಕ್ರಿಸ್ತನ ಜೀವನವನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೊರತಂದಿದ್ದರು. ಕೂಲಿ ಕೊಡುವವರೇ ಪಾಪಪುಣ್ಯ ತೂಗುವವರೂ ಆದ ಈ ಕಾರ್ಖಾನೆಯ ವ್ಯವಸ್ಥೆಯಲ್ಲಿ ಬೆಳವಣಿಗೆಗಿಂತ ವಿಧೇಯತೆಯೇ ಹೆಚ್ಚಿತ್ತು ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕಲಾಗದು. ಆದರೂ ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳು ಇಲ್ಲಿಂದ ಹೊರಹೋಗಬೇಕಾಗಿ ಬಂದಾಗ ಸಭೆಗಳು ಚದುರಲಿಲ್ಲ. ಪ್ರಾರ್ಥನೆ ಅಷ್ಟರಲ್ಲಿ ಮನೆಯದಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಚಿಂತನೆಯ ಕೇಂದ್ರ ಬೆಂಗಳೂರಿಗೆ ಸರಿಯಿತು. 1910ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, 1957ರಲ್ಲಿ ದೇವಶಾಸ್ತ್ರಜ್ಞ ದೇವನಂದನ್ ಅವರ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆ ಹುಟ್ಟಿದವು. ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ 1970ರ ದಶಕದಲ್ಲಿ ಜಿನೀವಾದ ಚರ್ಚುಗಳ ವಿಶ್ವ ಮಂಡಳಿಯಲ್ಲಿ ಅಂತರ್‌ಧರ್ಮೀಯ ಸಂವಾದದ ಹೊಣೆ ಹೊತ್ತರು. ದೊಡ್ಡ ಸಾಧನೆಯೇ. ಆದರೆ ನೆರೆಮನೆಯ ಹಿಂದೂವಿನೊಡನೆ, ಮುಸ್ಲಿಮನೊಡನೆ ದಿನವೂ ಬಾಳುವ ಕನ್ನಡ ವಿಶ್ವಾಸಿಗೆ ಹೇಳಿಮಾಡಿಸಿದ ಈ ಚಿಂತನೆ ಬಹುಪಾಲು ಇಂಗ್ಲಿಷಿನಲ್ಲೇ ಉಳಿದು, ಪ್ರಸಂಗಪೀಠವನ್ನು ಮುಟ್ಟಿದ್ದು ಅಲ್ಪ. ಕಥೋಲಿಕರಲ್ಲಿ ಇದಕ್ಕೆ ಹೋಲಿಸಬಹುದಾದ ಬದಲಾವಣೆ ಜನಸಾಮಾನ್ಯರನ್ನೇ ತಟ್ಟಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಬಲಿಪೂಜೆ ಲ್ಯಾಟಿನಿನಿಂದ ಕನ್ನಡಕ್ಕೆ ಬಂತು. ಬೆಂಗಳೂರು ಮಹಾಧರ್ಮಕ್ಷೇತ್ರದಲ್ಲಿ ಆರಾಧನೆಯ ಭಾಷೆಗಾಗಿ ದಶಕಗಳ ಕಾಲ ನಡೆದ ಜಗಳ ನೋವಿನದೇ. ಆದರೆ ಯಾವ ಮಾತಿನಲ್ಲಿ ದೇವರನ್ನು ಕರೆಯುತ್ತೇವೆ ಎಂಬುದು ಜನರಿಗೆ ಎಷ್ಟು ಮುಖ್ಯವೆಂದು ಅದರಿಂದ ತಿಳಿಯುತ್ತದೆ.

ಜನರ ಮಾತಿಗೂ ದುಡಿಮೆಗೂ ದೇವಶಾಸ್ತ್ರ ಹತ್ತಿರವಾಗುವ ಈ ಪ್ರಶ್ನೆ ಈಗ ಬೆಂಗಳೂರಿನ ಹೊಸೂರು ರಸ್ತೆಗೆ ಬಂದಿದೆ. ಒಂದು ಕಡೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್, ಇನ್ನೊಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ನಡುವೆ ಸಿಂಗಸಂದ್ರ. 2025ರ ಆಗಸ್ಟಿನಿಂದ ಮೆಟ್ರೊ ಹಳದಿ ಮಾರ್ಗದ ರೈಲೂ ಇಲ್ಲಿ ನಿಲ್ಲುತ್ತದೆ. ಬಾಡಿಗೆ ಮನೆ, ಪಿಜಿ, ರಾತ್ರಿ ಪಾಳಿಗಳ ಈ ಊರಿನಲ್ಲಿ ಹಲವು ಭಾಷೆಯವರಿರುವಾಗ ಇಂಗ್ಲಿಷ್ ಆರಾಧನೆಯೇ ಅನುಕೂಲವಲ್ಲವೇ ಎನ್ನುವವರಿದ್ದಾರೆ. ಭಾನುವಾರದ ಮಟ್ಟಿಗೆ ಇರಬಹುದು. ಆದರೆ ಪಶ್ಚಾತ್ತಾಪ, ಸಾವಿನ ದುಃಖ, ಮಕ್ಕಳಿಗೆ ಕಲಿಸುವ ಪ್ರಾರ್ಥನೆ ತಾಯಿನುಡಿಯನ್ನೇ ಬೇಡುತ್ತವೆ. ನೆರೆಯವರೊಂದಿಗಿನ ಬಾಳು ಕನ್ನಡವನ್ನು ಬೇಡುತ್ತದೆ. ಆತ್ಮಿಕ ಬೆಳವಣಿಗೆ ಕೃಪೆಯ ಕೆಲಸ, ಕಾರ್ಯಕ್ರಮ ಹಾಕಿದರೆ ಆಗುವುದಲ್ಲ ಎಂಬ ಮಾತು ಇನ್ನೂ ಗಂಭೀರವಾದದ್ದು. ಕೃಪೆಯನ್ನು ಅಷ್ಟೇ ಒತ್ತಿ ಸಾರಿದ ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ವಾರಕ್ಕೊಮ್ಮೆ ಹತ್ತು ಹನ್ನೆರಡು ಮಂದಿ ಕೂಡಿ ತಮ್ಮ ನಡತೆಯನ್ನು ಒಬ್ಬರಿಗೊಬ್ಬರು ಒಪ್ಪಿಸುವ ಪದ್ಧತಿಯನ್ನು ಬೆಳೆಸಿದ್ದು ಸುಮ್ಮನೆ ಅಲ್ಲ. ಮೈಸೂರು ಸೀಮೆಯ ಕನ್ನಡ ಸಭೆಗಳಲ್ಲಿ ಹಲವು ಆ ವೆಸ್ಲಿಯನ್ ಪರಂಪರೆಯವೇ. ಸಿಂಗಸಂದ್ರದ ಸುತ್ತಿನ ಸಭಾಪಾಲಕರೂ ಗುರುಗಳೂ ಪಾಳಿಯ ಹೊತ್ತು ನೋಡಿಕೊಂಡು ಮನೆಕೂಟ ನಡೆಸಲಿ; ಮನೆಗೆಲಸದವಳ ಸಂಬಳ, ಕಚೇರಿಯ ಸುಳ್ಳು ಲೆಕ್ಕ, ಜಾತಿ ನೋಡಿ ಕೊಡುವ ಬಾಡಿಗೆ ಮನೆ, ಇವನ್ನೆಲ್ಲ ದೇವರ ವಚನದ ಎದುರು ಇಟ್ಟು ಮಾತಾಡಲಿ. ದೇವಶಾಸ್ತ್ರ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳಿಂದ ಒಂದು ಬರಹವನ್ನಾದರೂ ಇಂಥ ಕೂಟಗಳಿಗಾಗಿ ಕನ್ನಡದಲ್ಲೇ ಬರೆಸಲಿ.