ಕಲ್ಯಾಣದ ಕಾಯಕಜೀವಿ ವಚನಕಾರ್ತಿಯರು: ಅವಮಾನ ಮತ್ತು ಆತ್ಮಗೌರವ

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯದಲ್ಲಿ ಬರೆಯುವ ಭಂಗಿಯ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಆಕೆ ಬರೆಯುತ್ತಿರುವುದು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಸ್ತುತಿಯನ್ನು, ಅದೂ ಸಂಸ್ಕೃತದಲ್ಲಿ. ಬರೆಯುವ ಹೆಣ್ಣಿನ ಕಲ್ಪನೆ ಈ ನೆಲಕ್ಕೆ ಅಪರಿಚಿತವಾಗಿರಲಿಲ್ಲ. ಆದರೆ ಆಕೆಯ ಕೈಗೆ ಒದಗಿದ ಮಾತು ಅರಮನೆಯದಾಗಿತ್ತು. ಮುಂದಿನ ಕೆಲವೇ ದಶಕಗಳಲ್ಲಿ, ಅದೇ ದೊರೆಯ ರಾಜಧಾನಿಯಾಗಿದ್ದ ಕಲ್ಯಾಣವನ್ನು, ಅಂದರೆ ಇಂದಿನ ಬಸವಕಲ್ಯಾಣವನ್ನು, ಕೇಂದ್ರವಾಗಿಸಿಕೊಂಡ ಶರಣ ಚಳವಳಿಯಲ್ಲಿ ದುಡಿಯುವ ವರ್ಗದ ಮಹಿಳೆಯರು ತಮ್ಮ ಮಾತನ್ನು ತಾವೇ ಕನ್ನಡದಲ್ಲಿ ಆಡಿದರು.

ಈ ಮಹಿಳೆಯರ ಆತ್ಮಗೌರವದ ಆಧಾರ ಅವರ ಕಾಯಕವೇ ಆಗಿದೆ. ಸಮಾಜವು ಯಾವುದನ್ನು ಕೀಳೆಂದಿತೋ ಅದನ್ನೇ ಅವರು ವಾದಕ್ಕೆ ಸಾಕ್ಷ್ಯವಾಗಿಸಿದರು. ಉರಿಲಿಂಗಪೆದ್ದಿಯ ಮಡದಿ ಕಾಳವ್ವೆಯು ಆಹಾರದ ಆಧಾರದಲ್ಲಿ ಮಾದಿಗರನ್ನು ಕೀಳೆನ್ನುವವರನ್ನು ನೇರವಾಗಿ ಪ್ರಶ್ನಿಸುತ್ತಾಳೆ. ಅದೇ ಪಶುವಿನ ತೊಗಲಿನಿಂದಾದ ಸಿದ್ಧಲಿಕೆ, ಸಗ್ಗಳೆಗಳ ತುಪ್ಪ, ನೀರು ಮೇಲ್ಜಾತಿಯವರಿಗೆ ಹೇಗೆ ಶುದ್ಧವಾದವು ಎಂಬುದು ಆಕೆಯ ಪ್ರಶ್ನೆಯ ತಿರುಳು. ತೊಗಲಿನ ಕೆಲಸವನ್ನು ಹತ್ತಿರದಿಂದ ಬಲ್ಲವರಿಗೆ ಮಾತ್ರ ಹೊಳೆಯಬಹುದಾದ ತರ್ಕವಿದು. ನೂಲುವ ಕದಿರೆ ರೆಮ್ಮವ್ವೆಯು ಕುಲದ ಪ್ರಶ್ನೆಯನ್ನು ತನ್ನ ರಾಟೆಯತ್ತ ತಿರುಗಿಸಿ, ಅದರ ಅಂಗಾಂಗಗಳಲ್ಲಿ ದೇವತೆಗಳನ್ನು ಕಾಣುತ್ತಾಳೆ. ಗಣಿಕಾವೃತ್ತಿಯಿಂದ ಬಂದ ಸೂಳೆ ಸಂಕವ್ವೆಯ ಒಂದೇ ವಚನ ಉಳಿದಿದೆ. ತನ್ನ ವೃತ್ತಿಯ ಒಪ್ಪಂದನಿಷ್ಠೆಯನ್ನೇ ಆಕೆ ಭಕ್ತಿಯ ನಿಷ್ಠೆಗೆ ರೂಪಕವಾಗಿಸುತ್ತಾಳೆ. ಲಜ್ಜೆಗೇಡಿ ಎಂದು ಹಳಿಸಿಕೊಳ್ಳುವ ವೃತ್ತಿಯಿಂದ ಬಂದವಳು ತನ್ನ ದೈವವನ್ನು ‘ನಿರ್ಲಜ್ಜೇಶ್ವರ’ ಎಂಬ ಅಂಕಿತದಿಂದ ಕರೆದುದು ಗಮನಾರ್ಹ.

ಬಡತನದ ಬಗೆಗೂ ಇದೇ ನಿಲುವು. ಪತಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಮರಳಿಸಲು ಹೇಳಿದ ಪ್ರಸಂಗ ಪ್ರಸಿದ್ಧವಾದುದು. ಅತಿಯಾಸೆ ಅರಸರ ಗುಣವೇ ಹೊರತು ಶಿವಭಕ್ತರದಲ್ಲ ಎನ್ನುವ ಆಕೆಯ ವಿವೇಕದಲ್ಲಿ ಬಡತನವು ಕೊರತೆಯಾಗಿ ತೋರದೆ ಘನತೆಯಾಗಿ ತೋರುತ್ತದೆ.

ಆದರೂ ಕಾಳವ್ವೆಯ ಅಂಕಿತದಲ್ಲಿ ಪತಿಯ ಹೆಸರಿದೆ. ಲಕ್ಕಮ್ಮನ ಅಂಕಿತವೂ ಮಾರಯ್ಯನ ಹೆಸರಿನಿಂದಲೇ ಆರಂಭವಾಗುತ್ತದೆ. ದಮನಿತ ಮಹಿಳೆಯ ಕಾವ್ಯವು ಅನ್ಯರ ಹೆಸರಿನ ಆಸರೆಯಲ್ಲಿ ಲೋಕಕ್ಕೆ ಬಂದುದು ಇಲ್ಲಿ ಮಾತ್ರವಲ್ಲ. 1773ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಬಾಸ್ಟನ್ನಿನಲ್ಲಿ ಗುಲಾಮಳಾಗಿದ್ದ ಕಪ್ಪು ಕವಯಿತ್ರಿ ಫಿಲಿಸ್ ವೀಟ್ಲಿಯ ಕವನಸಂಕಲನದಲ್ಲಿ, ಅವು ಆಕೆಯವೇ ಎಂದು ನಗರದ ಗಣ್ಯ ಪುರುಷರು ನೀಡಿದ ದೃಢೀಕರಣವನ್ನು ಸೇರಿಸಬೇಕಾಯಿತು. ಎರಡು ಸಂದರ್ಭಗಳ ಸ್ವರೂಪ ಬೇರೆ. ವೀಟ್ಲಿಯ ವಿಷಯದಲ್ಲಿ ಕರ್ತೃತ್ವವೇ ಸಂಶಯಕ್ಕೊಳಗಾಯಿತು. ಇಲ್ಲಿ ಪತಿಯ ಹೆಸರು ಅಂಕಿತದಲ್ಲಿದ್ದರೂ, ಪತಿಯನ್ನು ತಿದ್ದುವ ಅಧಿಕಾರ ಲಕ್ಕಮ್ಮನ ವಚನದೊಳಗೇ ಇದೆ.

1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ಚದುರಿದರು. ಹಸ್ತಪ್ರತಿಗಳಲ್ಲಿ ಉಳಿದು ಬಂದ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ರಚನೆಗಳು 1993ರ ಸಮಗ್ರ ವಚನ ಸಂಪುಟ ಮಾಲೆಯಲ್ಲಿ, ವೀರಣ್ಣ ರಾಜೂರರ ಸಂಪಾದಕತ್ವದ ‘ಶಿವಶರಣೆಯರ ವಚನಸಂಪುಟ’ವಾಗಿ ಬೆಳಕು ಕಂಡವು. ಇವರಲ್ಲಿ ಹಲವರನ್ನು ಇಂತಹವರ ‘ಪುಣ್ಯಸ್ತ್ರೀ’ ಎಂದೇ ಗುರುತಿಸುವ ರೂಢಿ ಇಂದಿಗೂ ಇದೆ. ರಾಟೆ, ಸಗ್ಗಳೆ, ಆಯ್ದ ಅಕ್ಕಿಗಳ ಲೋಕಜ್ಞಾನದಿಂದ ಈ ವಚನಗಳನ್ನು ಓದಿದಾಗ ಮಾತ್ರ ಅವರು ಸ್ವತಂತ್ರ ಚಿಂತಕಿಯರಾಗಿ ಕಾಣಿಸುತ್ತಾರೆ. ಜಾನಪದ ಅಧ್ಯಯನವು ವಚನ ಸಂಶೋಧನೆಗೆ ಸಲ್ಲಿಸಬೇಕಾದ ಕೊಡುಗೆಯೂ ಇದೇ ಆಗಿದೆ.