ಹಾಲು ಬಿಟ್ಟ ಹಂದಿಮರಿಯ ಭೇದಿ: ಒಂದು ಚಾರಿತ್ರಿಕ ನೋಟ

ಮೈಸೂರು ರಸ್ತೆಯ ಪಕ್ಕ ಕೆಂಗೇರಿಯತ್ತ ಹರಿಯುವ ವೃಷಭಾವತಿಯ ದಡದಲ್ಲಿ ಹಂದಿಯೊಂದು ಮರಿಗಳೊಡನೆ ಅಲೆಯುವುದನ್ನು ಪಶ್ಚಿಮ ಬೆಂಗಳೂರಿನ ಹಲವರು ನೋಡಿರಬಹುದು. ಹೀಗೆ ತಾಯಿಯ ಜೊತೆ ಬೆಳೆಯುವ ಮರಿಗಳು ಮೊಲೆಹಾಲನ್ನು ನಿಧಾನವಾಗಿ ಬಿಡುತ್ತವೆ. ಆಧುನಿಕ ಸಾಕಣೆಯಲ್ಲಾದರೋ 3-4 ವಾರದ ಮರಿಯನ್ನು ಒಂದೇ ದಿನ ತಾಯಿಯಿಂದ ಬೇರ್ಪಡಿಸುವುದುಂಟು. ಮುಂದಿನ ಒಂದೆರಡು ವಾರಗಳಲ್ಲಿ ಹಲವು ಮರಿಗಳಿಗೆ ನೀರಿನಂಥ ಭೇದಿಯಾಗುತ್ತದೆ. ಕೆಲವು ನಿರ್ಜಲೀಕರಣದಿಂದ ಸಾಯುತ್ತವೆ. ಇದೇಕೆ?

ಮುಖ್ಯ ಕಾರಣ ಇ. ಕೊಲೈ ಬ್ಯಾಕ್ಟೀರಿಯ. 1885ರಲ್ಲಿ ಥಿಯೊಡೋರ್ ಎಶರಿಕ್ ಎಂಬ ಮಕ್ಕಳ ವೈದ್ಯರು ಶಿಶುಗಳ ಮಲದಲ್ಲಿ ಇದನ್ನು ಗುರುತಿಸಿದರು. ಆದರೆ ಆರೋಗ್ಯವಂತ ಕರುಳಿನಲ್ಲೂ ಇದು ಇರುತ್ತದೆ. ಹಾಗಾದರೆ ಕೆಲವು ಬಗೆಗಳು ಮಾತ್ರ ರೋಗ ತರುವುದು ಹೇಗೆ?

ಉತ್ತರದ ಮೊದಲ ಎಳೆ ದೊರೆತದ್ದು ಕಲ್ಕತ್ತದಲ್ಲಿ. 1953ರಲ್ಲಿ ಶಂಭುನಾಥ ಡೇ ಮತ್ತು ಅವರ ಸಹೋದ್ಯೋಗಿ ಮೊಲದ ಕರುಳಿನ ತುಂಡೊಂದರ ಎರಡೂ ತುದಿಗಳನ್ನು ದಾರದಿಂದ ಕಟ್ಟಿ, ಒಳಗೆ ಕಾಲರಾ ರೋಗಾಣು ಸೇರಿಸಿದರು. ಆ ಭಾಗ ನೀರು ತುಂಬಿ ಉಬ್ಬಿತು. 1956ರಲ್ಲಿ ಡೇ ತಂಡ ಇದೇ ವಿಧಾನದಿಂದ ಇ. ಕೊಲೈಯನ್ನು ಪರೀಕ್ಷಿಸಿತು. 1967ರಲ್ಲಿ ಬ್ರಿಟನ್ನಿನ ಹರ್ಬರ್ಟ್ ವಿಲಿಯಮ್ಸ್ ಸ್ಮಿತ್ ಹಂದಿಯ ಕರುಳಿನಲ್ಲೇ ಅಂಥ ಪ್ರಯೋಗ ನಡೆಸಿದರು. ಬ್ಯಾಕ್ಟೀರಿಯದ ವಿಷವಸ್ತುವಿನಿಂದಾಗಿ ಕರುಳಿನ ಕೋಶಗಳು ಕ್ಲೋರೈಡ್ ಅಯಾನುಗಳನ್ನು ಹೊರಹಾಕುತ್ತವೆ. ಪರಾಸರಣದಿಂದ ನೀರು ಅವನ್ನು ಹಿಂಬಾಲಿಸುತ್ತದೆ.

ವಿಷವೊಂದೇ ಸಾಲದು, ಬ್ಯಾಕ್ಟೀರಿಯ ಕರುಳಿಗೆ ಅಂಟಿಕೊಳ್ಳಲೂ ಬೇಕು. ಅದಕ್ಕೆ ನೆರವಾಗುವ ಕೂದಲಿನಂಥ ಪ್ರೋಟೀನ್ ಎಳೆಗಳಿಗೆ ಕೆ88 ಎಂದು ಹೆಸರು. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವು ಒಂದು ಚರವನ್ನಷ್ಟೇ ಬದಲಿಸಿ ಉಳಿದವನ್ನು ಸ್ಥಿರವಾಗಿಡುತ್ತೇವಷ್ಟೆ. 1971ರಲ್ಲಿ ಸ್ಮಿತ್ ಮತ್ತು ಲಿಂಗುಡ್ ಮಾಡಿದ್ದೂ ಅದನ್ನೇ. ಕೆ88ರ ಸೂಚನೆ ಹೊತ್ತ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರವನ್ನು ಕಳೆದುಕೊಂಡ ಬ್ಯಾಕ್ಟೀರಿಯ ಭೇದಿ ತರಲಿಲ್ಲ. ಉಂಗುರವನ್ನು ಮರಳಿ ಸೇರಿಸಿದಾಗ ಭೇದಿಯೂ ಮರಳಿತು.

ತಾಯಿಹಾಲಿನ ಪ್ರತಿಕಾಯಗಳು ಈ ಅಂಟಿಕೆಯನ್ನು ತಡೆಯುತ್ತವೆ. ಹಾಲು ನಿಂತಾಗ ಆ ರಕ್ಷಣೆ ಇಲ್ಲವಾಗುತ್ತದೆ. ಹೊಸ ಮೇವು, ಚಳಿ, ಗಾಬರಿ ಸೇರಿ ಕರುಳು ಸೊರಗುತ್ತದೆ.

ಇಷ್ಟು ತಿಳಿದ ಮೇಲೂ ಹಲವು ದೇಶಗಳಲ್ಲಿ ಸುಲಭದ ದಾರಿಯೆಂದು ಮೇವಿಗೆ ಪ್ರತಿಜೈವಿಕ ಬೆರೆಸುವುದು ಮುಂದುವರಿಯಿತು. ಅವುಗಳಲ್ಲಿ ಒಂದಾದ ಕೊಲಿಸ್ಟಿನ್, ಬೇರೆ ಔಷಧಗಳು ಸೋತಾಗ ಆಸ್ಪತ್ರೆಗಳಲ್ಲಿ ಮನುಷ್ಯರಿಗೆ ಕೊಡುವ ಕೊನೆಯ ಅಸ್ತ್ರ. ಅದನ್ನು ನಿಷ್ಫಲಗೊಳಿಸುವ ಎಂಸಿಆರ್-1 ಜೀನ್ ಚೀನಾದ ಹಂದಿಗಳ ಇ. ಕೊಲೈನಲ್ಲಿ ಪತ್ತೆಯಾದ ವರದಿ 2015ರಲ್ಲಿ ಬಂತು. ಆ ಜೀನ್ ಇದ್ದದ್ದೂ ಪ್ಲಾಸ್ಮಿಡ್‌ನಲ್ಲೇ! ಅಂದರೆ ಅದು ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟಬಲ್ಲದು. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು.

ಉಳಿದ ದಾರಿ ಸರಳ: ತಡವಾಗಿ ಹಾಲು ಬಿಡಿಸುವುದು, ಮೊದಲೇ ಮೇವಿನ ರೂಢಿ ಮಾಡಿಸುವುದು, ಗೂಡನ್ನು ಬೆಚ್ಚಗೆ, ಶುಚಿಯಾಗಿ ಇಡುವುದು. ಹಂದಿ ಸಾಕುವ ಕೊಡಗಿನ ರೈತರಿಗೂ ಇದು ಸಾಧ್ಯ. ಮರಿಯ ಕರುಳನ್ನು ಹೀಗೆ ಕಾಯ್ದರೆ ನಮ್ಮ ಆಸ್ಪತ್ರೆಯ ಕೊನೆಯ ಔಷಧವನ್ನೂ ಕಾಯ್ದಂತೆ.