ಮಳೆಯ ಮೂರು ದಿನ, ಬಣ್ಣದ ಉಲ್ಲನ್ ಮತ್ತು ಒಂದು ಹಳೆಯ ಕಾಲುಚೀಲ



ಈ ಸಲ ಆಗಸ್ಟ್ 15 ಶುಕ್ರವಾರ ಬಂತು. ಸ್ವಾತಂತ್ರ್ಯೋತ್ಸವ, ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬ ಎರಡೂ ಒಂದೇ ದಿನ, ಅದರ ಬೆನ್ನಿಗೇ ಶನಿವಾರ, ಭಾನುವಾರ. ಮೂರು ದಿನ ಒಟ್ಟಿಗೆ ರಜೆ ಎಂದು ನಾವು ಬೇಕಲ ಕೋಟೆಗೆ ಹೋಗುವ ಲೆಕ್ಕ ಹಾಕಿದ್ದೆವು. ಕಾಸರಗೋಡಿನ ಮಳೆಗೆ ನಮ್ಮ ಲೆಕ್ಕ ಗೊತ್ತಿರಬೇಕಲ್ಲ! ಧ್ವಜಾರೋಹಣವೇ ಕೊಡೆಯ ಅಡಿಯಲ್ಲಿ ನಡೆಯಿತು. ಬಲಿಪೂಜೆ ಮುಗಿಯುವಾಗ ಅಂಗಳದಲ್ಲಿ ನೀರು. ಕೊನೆಗೆ ನಾವು ಹನ್ನೆರಡು ಮಂದಿ ಚರ್ಚಿನ ಸಭಾಭವನದಲ್ಲೇ ಉಳಿದೆವು.

ಅಲ್ಲಿ ನಮ್ಮ ವಾರ್ಡಿನ ಹಿರಿಯ ಬಾಯಿಯೊಬ್ಬರು ಮನೆಯಿಂದ ಒಂದು ಗೋಣಿಚೀಲ ತರಿಸಿದರು. ಅದರೊಳಗೆ ಹಳೆಯ ಸ್ವೆಟರ್‌ಗಳು, ಅರ್ಧ ಖರ್ಚಾದ ಉಲ್ಲನ್ ಉಂಡೆಗಳು, ನಾಲ್ಕೈದು ಜೋಡಿ ನಿಟ್ಟಿಂಗ್ ಕಡ್ಡಿ. ಕೆಂಪು, ಹಳದಿ, ಗಿಳಿಹಸಿರು, ಯಾರೂ ಈಗ ಹಾಕದಂಥ ಒಂದು ನೇರಳೆ. "ಮೊಬೈಲು ಒತ್ತುವ ಬೆರಳಿಗೆ ಇದು ಕಷ್ಟವಲ್ಲ, ಕುಳಿತುಕೊಳ್ಳಿ" ಎಂದರು. ಎಳೆಯ ಮಕ್ಕಳಿಗೆ ಟೊಪ್ಪಿ ಹೆಣೆದು ಕ್ರಿಸ್ಮಸ್‌ಗೆ ಮೊದಲು ಒಂದು ಅನಾಥಾಲಯಕ್ಕೆ ಕೊಡುವುದೆಂದು ಅಲ್ಲೇ ತೀರ್ಮಾನವಾಯಿತು.

ತೀರ್ಮಾನವಾಗಿ ಅರ್ಧ ಗಂಟೆಯಲ್ಲೇ ಜಗಳವೂ ಆಯಿತು. ಬಿ.ಕಾಂ. ಓದುವ ನಮ್ಮಲ್ಲೊಬ್ಬ ಲೆಕ್ಕ ಹೇಳಿದ: ಮಂಗಳೂರಿನ ಅಂಗಡಿಯಲ್ಲಿ ಟೊಪ್ಪಿ ಅಗ್ಗಕ್ಕೆ ಸಿಗುತ್ತದೆ. ಹನ್ನೆರಡು ಜನ ಮೂರು ದಿನ ಕೂತು ಹತ್ತು ಟೊಪ್ಪಿ ಮಾಡುವ ಬದಲು ಒಂದು ದಿನ ಏನಾದರೂ ದುಡಿದು ನೂರು ಟೊಪ್ಪಿ ಕೊಳ್ಳಬಹುದು. ಆ ಮಕ್ಕಳಿಗೆ ಯಾವುದು ಒಳ್ಳೆಯದು? ಯಾರ ಬಳಿಯೂ ಕೂಡಲೇ ಉತ್ತರವಿರಲಿಲ್ಲ. ಬಾಯಿ ಮಾತ್ರ ತಲೆ ಎತ್ತದೆ ಕಡ್ಡಿಗೆ ಕುಣಿಕೆ ಏರಿಸುತ್ತಲೇ ಇದ್ದರು. ಈ ಪ್ರಶ್ನೆ ಹಿಡಿದುಕೊಂಡು ನಾವು ಹೆಣಿಗೆಯ ಚರಿತ್ರೆ ಹುಡುಕತೊಡಗಿದೆವು. ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಒಂದು ಕಾಲುಚೀಲದ ಕಥೆ. ಈಜಿಪ್ಟಿನಲ್ಲಿ ನೈಲ್ ನದಿಯ ದಡದಲ್ಲಿ ಆಂಟಿನೊಪೊಲಿಸ್ ಎಂಬ ಪುರಾತನ ನಗರವಿತ್ತು. 1913-14ರಲ್ಲಿ ಅಲ್ಲಿ ಉತ್ಖನನ ನಡೆದಾಗ ಹಳೆಯ ಕಸದ ರಾಶಿಯಲ್ಲಿ ಒಂದು ಮಗುವಿನ ಉಣ್ಣೆಯ ಕಾಲುಚೀಲ ಸಿಕ್ಕಿತು. ಎಡಗಾಲಿನದ್ದು. ಸುಮಾರು 1,700 ವರ್ಷ ಹಳೆಯದು, ಎಂದರೆ ಈಜಿಪ್ಟಿನಲ್ಲಿ ಕ್ರೈಸ್ತ ಸಭೆ ಬೆಳೆಯುತ್ತಿದ್ದ ಕಾಲದ್ದು. ಚಪ್ಪಲಿಯ ಪಟ್ಟಿ ಹೋಗಲೆಂದು ಹೆಬ್ಬೆರಳಿಗೆ ಬೇರೆ ಮನೆ, ಉಳಿದ ಬೆರಳುಗಳಿಗೆ ಬೇರೆ ಮನೆ. ಮೈತುಂಬ ಬಣ್ಣದ ಪಟ್ಟೆಗಳು. ಅದೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮಿನಲ್ಲಿದೆ. ಅಲ್ಲಿಯ ವಿಜ್ಞಾನಿಗಳು ಅದನ್ನು ಹರಿಯದೆ, ಕತ್ತರಿಸದೆ, ಬೇರೆ ಬೇರೆ ಬೆಳಕಿನಲ್ಲಿ ಚಿತ್ರ ತೆಗೆದು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲುಚೀಲದಲ್ಲಿ ಕಾಣುವ ಬಣ್ಣಗಳು ಏಳು. ಬಳಸಿದ ಬಣ್ಣದ ಗಿಡಗಳು ಮೂರೇ: ಕೆಂಪಿಗೆ ಮಂಜಿಷ್ಠದ ಜಾತಿಯ ಬೇರು, ನೀಲಿಗೆ ವೋಡ್, ಹಳದಿಗೆ ವೆಲ್ಡ್. ಈ ಮೂರನ್ನೇ ಬೇರೆ ಬೇರೆ ರೀತಿಯಲ್ಲಿ ಕೂಡಿಸಿ ಉಳಿದ ಬಣ್ಣಗಳನ್ನು ಪಡೆದಿದ್ದರು. ಯಾವುದೋ ಮಗುವಿಗಾಗಿ ಯಾರೋ ಇಷ್ಟು ತಾಳ್ಮೆ ಪಟ್ಟಿದ್ದಾರೆ. ಹೆಸರು ಉಳಿಯಲಿಲ್ಲ, ಬಲಗಾಲಿನ ಚೀಲವೂ ಉಳಿಯಲಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ನೋಡಲು ಹೆಣೆದಂತೆಯೇ ಇದ್ದರೂ ಇದು ನಾವು ಮಾಡುವ ಎರಡು ಕಡ್ಡಿಯ ಹೆಣಿಗೆ ಅಲ್ಲ. ಒಂದೇ ದಪ್ಪ ಸೂಜಿಗೆ ಗಿಡ್ಡ ನೂಲು ಪೋಣಿಸಿ, ಪ್ರತಿ ಕುಣಿಕೆಯಲ್ಲೂ ನೂಲನ್ನು ಕೊನೆಯ ತನಕ ಎಳೆಯುವ ಹಳೆಯ ವಿಧಾನ. ಅದನ್ನು ಕತ್ತರಿಸಿದರೂ ಬಿಚ್ಚಿಕೊಳ್ಳದು. ನಮ್ಮ ಹೆಣಿಗೆ ಹಾಗಲ್ಲ. ತುದಿ ಸಿಕ್ಕಿದರೆ ಸರಸರ ಬಿಚ್ಚುತ್ತದೆ. ಅದೇ ಅದರ ಉಪಕಾರವೂ ಹೌದು: ಬಾಯಿ ತಂದ ಹಳೆಯ ಸ್ವೆಟರ್‌ಗಳನ್ನೆಲ್ಲ ಶುಕ್ರವಾರ ಸಂಜೆ ನಾವು ಬಿಚ್ಚಿ, ಕುರ್ಚಿಯ ಬೆನ್ನಿಗೆ ಸುತ್ತಿ, ಹೊಸ ಉಂಡೆ ಮಾಡಿದೆವು.

ನಿಜವಾದ ಹೆಣಿಗೆಯ ಅತಿ ಹಳೆಯ ತುಣುಕುಗಳು ದೊರೆತದ್ದೂ ಈಜಿಪ್ಟಿನಲ್ಲೇ, ಸುಮಾರು 11ನೇ ಶತಮಾನದಿಂದ ಈಚಿನವು. ನೀಲಿ ಬಿಳಿ ಹತ್ತಿ ನೂಲಿನ ಕಾಲುಚೀಲಗಳು. ಕೆಲವದರಲ್ಲಿ ಅರಬಿ ಅಕ್ಷರಗಳನ್ನೇ ಚಿತ್ತಾರವಾಗಿ ಹೆಣೆದಿದ್ದಾರೆ. ಮುಸ್ಲಿಂ ಕುಶಲಕರ್ಮಿಗಳ ಈ ವಿದ್ಯೆ ಸ್ಪೇನಿಗೆ ಹೋಯಿತು. ಸ್ಪೇನಿನ ಬುರ್ಗೋಸ್ ಪಟ್ಟಣದಲ್ಲಿ ಲಾಸ್ ಹ್ಯೂಲ್ಗಾಸ್ ಎಂಬ ಕನ್ಯಾಮಠವಿದೆ. 1275ರಲ್ಲಿ ತೀರಿಕೊಂಡ ರಾಜಕುಮಾರ ಫೆರ್ನಾಂಡೋ ದೆ ಲಾ ಸೆರ್ದಾನ ಸಮಾಧಿ ಅಲ್ಲಿದೆ. ಅವನ ತಲೆಗೆ ಇಟ್ಟ ದಿಂಬಿನ ರೇಷ್ಮೆಯ ಹೊದಿಕೆ ಕೈಯಿಂದ ಹೆಣೆದದ್ದು. ಒಂದು ಇಂಚಿನಲ್ಲಿ ಸುಮಾರು 20 ಕುಣಿಕೆ! ಅದರಲ್ಲಿ ಹದ್ದು, ಲಿಲ್ಲಿ ಹೂ, ಕೋಟೆ, ಜತೆಗೆ ಅರಬಿಯಲ್ಲಿ 'ಆಶೀರ್ವಾದ' ಎಂಬ ಅರ್ಥದ ಪದ. ಕ್ರೈಸ್ತ ರಾಜಕುಮಾರ, ಕನ್ಯಾಮಠದ ಸಮಾಧಿ, ಅರಬಿಯ ಹರಕೆ. ಯುದ್ಧಗಳ ಪಾಠವನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಈ ದಿಂಬಿನ ಪಾಠ ಓದಿರಲಿಲ್ಲ. ಮಸೀದಿಯ ಬಾಂಗು, ದೇವಸ್ಥಾನದ ಗಂಟೆ, ಚರ್ಚಿನ ಗಂಟೆ ಮೂರೂ ಒಂದೇ ಮಳೆಯಲ್ಲಿ ಕೇಳುವ ನಮ್ಮ ಊರಿನವರಿಗೆ ಇದು ಅಷ್ಟೇನೂ ಆಶ್ಚರ್ಯವಲ್ಲ ಬಿಡಿ.

ಚರ್ಚಿನೊಳಗೂ ಹೆಣಿಗೆಗೆ ಒಂದು ಜಾಗವಿತ್ತು. ಹಿಂದೆ ಬಿಷಪರು ದೊಡ್ಡ ಪೂಜೆಗಳಲ್ಲಿ ಕೈಗವಸು ಧರಿಸುತ್ತಿದ್ದರು, ರೇಷ್ಮೆಯಲ್ಲಿ ಹೆಣೆದ ಅಂಥ ಕೈಗವಸುಗಳು ಯುರೋಪಿನಲ್ಲಿ ಈಗಲೂ ಉಳಿದಿವೆ. ಆದರೆ ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಚಿತ್ರ. ಸುಮಾರು 1400ರ ಹೊತ್ತಿಗೆ ಜರ್ಮನಿಯ ಬುಕ್ಸ್‌ಟೆಹೂಡೆಯಲ್ಲಿದ್ದ ಬೆನೆಡಿಕ್ಟೈನ್ ಕನ್ಯಾಮಠದ ಪೀಠಕ್ಕಾಗಿ ಮಿಂಡೆನ್‌ನ ಬೆರ್ಟ್ರಾಮ್ ಎಂಬ ಚಿತ್ರಕಾರರ ಕಾರ್ಯಶಾಲೆಯಲ್ಲಿ ಬರೆದದ್ದು. ಈಗ ಹಾಂಬುರ್ಗಿನ ಕಲಾ ಸಂಗ್ರಹಾಲಯದಲ್ಲಿದೆ. ಮರಿಯಮ್ಮನವರು ಮನೆಯಲ್ಲಿ ಕೂತು ನಾಲ್ಕು ಕಡ್ಡಿಗಳಲ್ಲಿ ಒಂದು ಪುಟ್ಟ ಅಂಗಿ ಹೆಣೆಯುತ್ತಿದ್ದಾರೆ. ಅಂಗಿ ಬಹುಮಟ್ಟಿಗೆ ಮುಗಿದಿದೆ, ಕುತ್ತಿಗೆಯ ಸುತ್ತು ಮಾತ್ರ ಬಾಕಿ. ಪಕ್ಕದಲ್ಲಿ ಬಾಲಯೇಸು ಹುಲ್ಲಿನ ಮೇಲೆ ಪುಸ್ತಕ ಹಿಡಿದು ಮಲಗಿದ್ದಾರೆ. ಅಷ್ಟರಲ್ಲಿ ಇಬ್ಬರು ದೂತರು ಬಂದಿದ್ದಾರೆ. ಅವರ ಕೈಯಲ್ಲಿ ಶಿಲುಬೆ, ಈಟಿ, ಮುಳ್ಳಿನ ಮುಕುಟ. ಮಗು ತಲೆ ತಿರುಗಿಸಿ ನೋಡುತ್ತಿದೆ, ತಾಯಿಯ ಕೈ ಕೆಲಸದಲ್ಲೇ ಇದೆ.

ಯೊವಾನ್ನನ ಶುಭಸಂದೇಶದ 19ನೇ ಅಧ್ಯಾಯ ನೆನಪಿಸಿಕೊಳ್ಳಿ. ಶಿಲುಬೆಯ ಬುಡದಲ್ಲಿ ಸೈನಿಕರು ಯೇಸುವಿನ ಬಟ್ಟೆ ಹಂಚಿಕೊಳ್ಳುತ್ತಾರೆ. ಒಳಅಂಗಿಗೆ ಹೊಲಿಗೆಯೇ ಇಲ್ಲ, ಆದ್ದರಿಂದ ಹರಿಯದೆ ಚೀಟಿ ಹಾಕುತ್ತಾರೆ. ನಾಲ್ಕು ಕಡ್ಡಿಗಳಲ್ಲಿ ಸುತ್ತು ಸುತ್ತಾಗಿ ಹೆಣೆದ ಬಟ್ಟೆಗೂ ಹೊಲಿಗೆ ಇರುವುದಿಲ್ಲ. ಚಿತ್ರಕಾರ ಎರಡನ್ನೂ ಕೂಡಿಸಿದ್ದಾನೆ: ಅಂದು ಅಮ್ಮ ಹೆಣೆಯುತ್ತಿರುವುದು ಮುಂದೆ ಸೈನಿಕರು ಚೀಟಿ ಹಾಕಲಿರುವ ಅಂಗಿಯನ್ನೇ. ಯೇಸುವಿನ ಕಾಲದ ನಜರೇತಿನಲ್ಲಿ ಇಂಥ ಹೆಣಿಗೆ ಇರಲಿಲ್ಲ, ಅದು ಮಗ್ಗದಲ್ಲಿ ನೇಯ್ದದ್ದೇ ಇರಬೇಕು. ಚಿತ್ರಕಾರ ತನ್ನ ಊರಿನ ಹೆಂಗಸರ ಕೈಯಲ್ಲಿ ಕಂಡದ್ದನ್ನು ಮರಿಯಮ್ಮನವರ ಕೈಗೆ ಕೊಟ್ಟ. ಬೇರೆ ಚಿತ್ರಕಾರರೂ ಇದಕ್ಕಿಂತ ಮೊದಲೇ, ಇಟಲಿಯಲ್ಲಿ, ಹೆಣೆಯುವ ಮರಿಯಮ್ಮನವರನ್ನು ಬರೆದಿದ್ದರು. ನಾವು ಈ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಬಾಯಿ ಕನ್ನಡಕ ಸರಿಮಾಡಿ ಬಹಳ ಹೊತ್ತು ನೋಡಿದರು. ಮತ್ತೆ ಹೇಳಿದ್ದು ಇಷ್ಟೇ: "ಕಡ್ಡಿ ಹಿಡಿದದ್ದು ಸರಿಯಾಗಿದೆ."

'ಇದು ಹೆಂಗಸರ ಕೆಲಸ' ಎಂದು ದೂರ ಕೂತ ಹುಡುಗರಿಗೂ ಒಂದು ಮಾತು. ಯುರೋಪಿನ ಪಟ್ಟಣಗಳಲ್ಲಿ ಹೆಣಿಗೆಯ ಸಂಘಗಳು ಗಂಡಸರವೇ ಆಗಿದ್ದವು. ಮೂರು ವರ್ಷ ಗುರುವಿನ ಮನೆಯಲ್ಲಿ ಕಲಿತು, ಇನ್ನು ಮೂರು ವರ್ಷ ಊರೂರು ತಿರುಗಿ ಕೆಲಸ ಮಾಡಿ, ಕೊನೆಗೆ ಪರೀಕ್ಷೆಗೆ ಕೂತರೆ ಮಾತ್ರ ಉಸ್ತಾದ. ಆಲ್ಸೇಸ್, ಸೈಲೀಸಿಯ ಪ್ರಾಂತ್ಯಗಳಲ್ಲಿ ಆ ಪರೀಕ್ಷೆಗೆ ಅನೇಕ ಬಣ್ಣಗಳ ದೊಡ್ಡ ಹಾಸನ್ನೇ ಹೆಣೆಯಬೇಕಿತ್ತು. ಬೈಬಲಿನ ದೃಶ್ಯಗಳಿರುವ ಅಂಥ ಹಾಸುಗಳು ಇಂದಿಗೂ ಇವೆ.

ಇಂಗ್ಲೆಂಡಿನಲ್ಲಿ ಬಡವರಿಗೆ ಹೆಣಿಗೆಯೇ ಅನ್ನ. 1571ರಲ್ಲಿ ಅಲ್ಲಿ ಒಂದು ಕಾನೂನು ಬಂತು: ಆರು ವರ್ಷ ದಾಟಿದ ಸಾಮಾನ್ಯರು ಭಾನುವಾರ ಮತ್ತು ಹಬ್ಬದ ದಿನ ಇಂಗ್ಲೆಂಡಿನಲ್ಲೇ ತಯಾರಾದ ಉಣ್ಣೆಯ ಟೊಪ್ಪಿ ಧರಿಸಲೇಬೇಕು, ಇಲ್ಲದಿದ್ದರೆ ದಂಡ. ಟೊಪ್ಪಿ ಹೆಣೆಯುವವರ ಹೊಟ್ಟೆ ತುಂಬಿಸಲು ಈ ಉಪಾಯ. ಜನ ಕೇಳಲಿಲ್ಲ, 1597ರಲ್ಲಿ ಕಾನೂನು ಹೋಯಿತು.

ಇದರ ನಡುವೆ, 1589ರಲ್ಲಿ, ನಾಟಿಂಗ್‌ಹ್ಯಾಮ್ ಹತ್ತಿರದ ಕಾಲ್ವರ್ಟನ್‌ನ ವಿಲಿಯಂ ಲೀ ಒಂದು ಯಂತ್ರ ಕಂಡುಹಿಡಿದ. ಅವನು ಪಾದ್ರಿಯಾಗಿದ್ದ ಎನ್ನುತ್ತಾರೆ. ಕೈಯಲ್ಲಿ ಒಂದೊಂದೇ ಕುಣಿಕೆ ಹಾಕಬೇಕಾದಲ್ಲಿ ಯಂತ್ರ ಒಂದಿಡೀ ಸಾಲನ್ನು ಒಮ್ಮೆಗೇ ಹಾಕುತ್ತಿತ್ತು. ರಾಣಿ ಎಲಿಜಬೆತ್ ಹಕ್ಕುಪತ್ರ ಕೊಡಲಿಲ್ಲ. ಕೈಯಿಂದ ಹೆಣೆದು ಬದುಕುವ ಬಡವರು ಭಿಕ್ಷೆಗಿಳಿದಾರು ಎಂಬ ಆತಂಕವೇ ಕಾರಣ ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಲೀ ಯಂತ್ರವನ್ನು ಸುಧಾರಿಸಿ ರೇಷ್ಮೆಯ ಕಾಲುಚೀಲವನ್ನೂ ಮಾಡಿ ತೋರಿಸಿದ. ಆಗಲೂ ಇಲ್ಲ. ಕೊನೆಗೆ ಫ್ರಾನ್ಸಿಗೆ ಹೋದ. ಅಲ್ಲಿ ಆಶ್ರಯ ಕೊಟ್ಟಿದ್ದ ನಾಲ್ಕನೇ ಹೆನ್ರಿ 1610ರಲ್ಲಿ ಕೊಲೆಯಾದ, ಲೀ ಕೆಲವು ವರ್ಷಗಳಲ್ಲಿ ಅಲ್ಲೇ ತೀರಿಕೊಂಡ. ಯಂತ್ರ ಮಾತ್ರ ಸಾಯಲಿಲ್ಲ. ಅವನ ಸಹೋದರ ಅದನ್ನು ಇಂಗ್ಲೆಂಡಿಗೆ ಮರಳಿ ತಂದ. ಇನ್ನೂರು ವರ್ಷಗಳಲ್ಲಿ ನಾಟಿಂಗ್‌ಹ್ಯಾಮ್ ಸುತ್ತ ಮನೆಮನೆಯಲ್ಲಿ ಆ ಚೌಕಟ್ಟುಗಳು ಬಂದವು.

1811ರಲ್ಲಿ ಅದೇ ಸೀಮೆಯಲ್ಲಿ ರಾತ್ರಿ ಹೊತ್ತು ಚೌಕಟ್ಟುಗಳನ್ನು ಸುತ್ತಿಗೆಯಿಂದ ಒಡೆದರು. 'ಲುಡೈಟರು' ಎಂಬ ಹೆಸರು ಕೇಳಿರಬಹುದು. ಯಂತ್ರ ಕಂಡರಾಗದ ದಡ್ಡರು ಎಂದು ಈಗ ಅವರನ್ನು ತಮಾಷೆ ಮಾಡುವುದುಂಟು. ಅದು ಅನ್ಯಾಯ. ಒಡೆದವರೇ ಯಂತ್ರದಲ್ಲಿ ದುಡಿಯುತ್ತಿದ್ದವರು. ಧಣಿಗಳು ಅಗಲ ಬಟ್ಟೆ ಹೆಣೆಸಿ, ಕತ್ತರಿಸಿ, ಹೊಲಿದು ಅಗ್ಗದ ಕಾಲುಚೀಲ ಮಾರತೊಡಗಿದ್ದರು. ಆ ಹೊಲಿಗೆ ಬೇಗ ಬಿಚ್ಚಿಕೊಳ್ಳುತ್ತಿತ್ತು. ಒಳ್ಳೆಯ ಕೆಲಸದ ಹೆಸರೂ ಹಾಳು, ಕೂಲಿಯೂ ಇಳಿಯಿತು, ಮೇಲಿನಿಂದ ಚೌಕಟ್ಟಿನ ಬಾಡಿಗೆ ಬೇರೆ. 1812ರ ಫೆಬ್ರವರಿಯಲ್ಲಿ ಕವಿ ಬೈರನ್ ಸಂಸತ್ತಿನ ಮೇಲ್ಮನೆಯಲ್ಲಿ ಅವರ ಪರವಾಗಿ ಮಾತಾಡಿದ. ಆದರೂ ಚೌಕಟ್ಟು ಒಡೆದವರಿಗೆ ಮರಣದಂಡನೆ ಎಂಬ ಕಾನೂನು ಪಾಸಾಯಿತು.

ಇದನ್ನು ಓದಿ ಹೇಳುವಾಗ ಬಾಯಿ ಮೊದಲ ಸಲ ಕೈ ನಿಲ್ಲಿಸಿದರು. ಅವರು ಮೂವತ್ತಕ್ಕೂ ಹೆಚ್ಚು ವರ್ಷ ಬೀಡಿ ಕಟ್ಟಿದವರು. ಹೆಣಿಗೆ ಕಲಿತದ್ದು ಶಾಲೆಯಲ್ಲಿ, ಸಿಸ್ಟರ್‌ಗಳಿಂದ. ಮದುವೆಯಾದ ಮೇಲೆ ಕಡ್ಡಿ ಪೆಟ್ಟಿಗೆ ಸೇರಿತು, ತೊಡೆಯ ಮೇಲೆ ತಡ್ಪೆ ಬಂತು. "ಉಲ್ಲನ್ ಯಾರಿಗೆ ಅನ್ನ ಕೊಡ್ತದೆ ಇಲ್ಲಿ? ಮಕ್ಕಳ ಫೀಸು ಕಟ್ಟಿದ್ದು ಬೀಡಿ. ಬ್ರಾಂಚಿನಲ್ಲಿ ಸಾವಿರ ಬೀಡಿಯಲ್ಲಿ ಇಷ್ಟು ಸರಿ ಇಲ್ಲ ಎಂದು ಬದಿಗಿಟ್ಟರೆ ಆ ದಿನದ ದುಡಿಮೆ ಹೋದಂತೆ. ಆ ಒಡೆದವರ ಸಂಕಟ ನನಗೆ ಗೊತ್ತಾಗ್ತದೆ ಮಕ್ಕಳೇ" ಎಂದರು. ನಮ್ಮಲ್ಲಿ ಎಷ್ಟೋ ಮಂದಿ ಬೀಡಿಯ ದುಡ್ಡಿನಲ್ಲೇ ಶಾಲೆಗೆ ಹೋದವರ ಮಕ್ಕಳು. ಸ್ವಲ್ಪ ಹೊತ್ತು ಮಳೆಯ ಸದ್ದೇ ಕೇಳಿತು.

ನಮ್ಮ ಕರಾವಳಿಗೆ ಈ ಕಡ್ಡಿಗಳನ್ನು ತಂದವರಲ್ಲಿ ಮಿಷನರಿಗಳು ಮುಖ್ಯರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1870ರಲ್ಲಿ. ಆಗ ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ. 1956ರಲ್ಲಿ ಗಡಿ ಎಳೆದ ಮೇಲೆ ಕೇರಳವಾದದ್ದು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದುಬರಹದ ಜತೆ ಹೊಲಿಗೆ, ಹೆಣಿಗೆ, ಕಸೂತಿ ಬಂದವು. ಸೆಕೆಯ ಊರಿನಲ್ಲಿ ಉಣ್ಣೆಯ ಪಾಠವೇಕೆ ಎಂದು ನಗಬಹುದು. ಆದರೆ ಕೈಗೆ ಒಂದು ಕೆಲಸ ಇರಬೇಕೆಂಬ ಯೋಚನೆ ಸುಳ್ಳಾಗಿರಲಿಲ್ಲ. ಮತಾಂತರವಾಗಿ ಜಾತಿಯ ಕಸುಬು, ಜಮೀನು ಕಳಕೊಂಡವರಿಗಾಗಿಯೇ ಬಾಸೆಲ್ ಮಿಶನ್ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ತೆರೆದದ್ದು. ಹೆಣಿಗೆ ಮಾತ್ರ ಇಲ್ಲಿ ಕಸುಬಾಗಲಿಲ್ಲ, ಮನೆಯೊಳಗಿನ ಹವ್ಯಾಸವಾಗಿ ಉಳಿಯಿತು. 1962ರ ಚೀನಾ ಯುದ್ಧದ ಚಳಿಗಾಲದಲ್ಲಿ ದೇಶದ ಹೆಂಗಸರು ಜವಾನರಿಗೆ ಸ್ವೆಟರ್ ಹೆಣೆದು ಕಳಿಸಿದಾಗ ಈ ಶಾಲೆಯ ಪಾಠವೇ ಎಷ್ಟೋ ಕಡೆ ಉಪಯೋಗಕ್ಕೆ ಬಂದಿರಬೇಕು.

ಇನ್ನು ನಮ್ಮ ಬಿ.ಕಾಂ. ಗೆಳೆಯನ ಪ್ರಶ್ನೆ. ಅವನ ಮಾತು ತಪ್ಪಲ್ಲ ಎಂದೇ ನಮಗೆ ಈಗಲೂ ಅನಿಸುತ್ತದೆ. ಅಂಗಡಿಯ ಟೊಪ್ಪಿಯನ್ನೂ ಯಾರದೋ ಕೈ ಮಾಡಿದೆ. ಲುಧಿಯಾನದಲ್ಲೋ ತಿರುಪ್ಪೂರಿನಲ್ಲೋ ಯಂತ್ರದ ಮುಂದೆ ನಿಂತವರಿಗೂ ಮನೆ ಇದೆ, ಮಕ್ಕಳಿದ್ದಾರೆ. ಕೊನೆಗೆ ಹೀಗೆ ಒಪ್ಪಿಕೊಂಡೆವು: ಇದ್ದ ಉಲ್ಲನ್‌ನಲ್ಲಿ ಆದಷ್ಟು ಹೆಣೆಯುವುದು. ಓಣಂ ರಜೆಯಲ್ಲಿ ಪಾಯಸ ಮಾಡಿ ಮಾರಿ, ಆ ದುಡ್ಡಿನಲ್ಲಿ ಉಳಿದ ಟೊಪ್ಪಿ ಕೊಳ್ಳುವುದು. ಖರೀದಿಯ ಜವಾಬ್ದಾರಿ ಅವನಿಗೇ.

ಭಾನುವಾರ ಸಂಜೆಗೆ ಏಳು ಟೊಪ್ಪಿ ಮುಗಿದಿದ್ದವು. ಒಂದು ಎಷ್ಟು ದೊಡ್ಡದಾಗಿದೆಯೆಂದರೆ ಅದು ಯಾವ ಮಗುವಿಗೂ ಆಗದು, ನಮ್ಮ ಫಾದರ್‌ಗೆ ಸರಿಹೋದೀತು. ಗಿಳಿಹಸಿರಿನದ್ದು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಬಾಯಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಬಿಚ್ಚುವುದು ಬೇಡ ಎಂದರು. ಮೂರು ದಿನ ಮೂಲೆಯಲ್ಲಿ ಕೂತು ಯಾರಿಗೂ ತೋರಿಸದೆ ಹೆಣೆಯುತ್ತಿದ್ದ ಒಂಬತ್ತನೇ ತರಗತಿಯ ಹುಡುಗ ಕೊನೆಗೆ ಎದ್ದು ಬಂದ. ಅವನ ಕೈಯಲ್ಲಿ ಎಲ್ಲ ಉಂಡೆಗಳ ಉಳಿಕೆ ಸೇರಿಸಿ ಮಾಡಿದ ಪಟ್ಟೆಪಟ್ಟೆಯ ಒಂದು ಸಣ್ಣ ಕಾಲುಚೀಲ. ಇನ್ನೊಂದಕ್ಕೆ ನೇರಳೆ ಉಲ್ಲನ್ ಸಾಲದೆ ಬಂದಿದೆ. ನಿಮ್ಮ ಮನೆಯಲ್ಲಿ ಯಾರಲ್ಲಾದರೂ ಇದ್ದರೆ ಬರುವ ಭಾನುವಾರ ಪೂಜೆಗೆ ಬರುವಾಗ ತನ್ನಿ.